ಅಡಿಕೆ ಸಿಪ್ಪೆ, ಬೈಹುಲ್ಲಿನಿಂದ ಇಂಧನ: ರಾಸಾಯನಿಕ ಪೂರ್ವಸಂಸ್ಕರಣೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಗಳೂರಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಮನೆ ಇರುವುದು ಉಡುಪಿ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಸ್ವಲ್ಪ ಅಡಿಕೆ ತೋಟ, ಎರಡು ಗದ್ದೆ, ಹಟ್ಟಿಯಲ್ಲಿ ದನ. ಹಾಗಾಗಿ ಈ ವಿಷಯದಲ್ಲಿ ನನಗೆ ಎರಡೂ ಕಡೆಯಿಂದ ಪ್ರಶ್ನೆ ಬರುತ್ತವೆ. ವಾರದ ದಿನಗಳಲ್ಲಿ ಪ್ರಾಜೆಕ್ಟ್ ಮಾಡುವ ಮಕ್ಕಳು ಕೇಳುತ್ತಾರೆ. ಭಾನುವಾರ ಊರಿನವರು ಸಿಕ್ಕಿದರೆ, "ಮಾಷ್ಟ್ರೇ, ಅಡಿಕೆ ಸಿಪ್ಪೆಯಿಂದ ಪೆಟ್ರೋಲ್ ಮಾಡ್ತಾರಂತಲ್ಲ, ಹೌದಾ?" ಎನ್ನುತ್ತಾರೆ. ಪೆಟ್ರೋಲ್ ಅಲ್ಲ, ಪೆಟ್ರೋಲಿಗೆ ಬೆರೆಸುವ ಎಥನಾಲ್ ಎಂಬ ಮದ್ಯಸಾರ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಬೈಹುಲ್ಲಿಗೆ ಯೀಸ್ಟ್ ಹಾಕಿ ನೇರವಾಗಿ ಎಥನಾಲ್ ಮಾಡಲು ಆಗಲ್ವಾ? ನಡುವೆ ಈ ರಾಸಾಯನಿಕ ಯಾಕೆ?

ಆಗುವುದಿಲ್ಲ. ಕಳ್ಳನ್ನು ನೋಡಿ. ಬೆಳಿಗ್ಗೆ ಇಳಿಸಿದ್ದು ಮಧ್ಯಾಹ್ನಕ್ಕೆ ತಾನಾಗಿ ಹುಳಿ ಬರುತ್ತದೆ, ನೊರೆ ಏಳುತ್ತದೆ. ಅದರಲ್ಲಿ ಸಕ್ಕರೆ ಕರಗಿಕೊಂಡೇ ಇದೆ, ಯೀಸ್ಟ್ ಸುಮ್ನೆ ಕುಡಿದರೆ ಸಾಕು. ಗೇರುಹಣ್ಣಿನ ರಸವೂ ಹಾಗೆಯೇ.

ಬೈಹುಲ್ಲಿನಲ್ಲೂ ಸಕ್ಕರೆ ಇದೆ, ಆದರೆ ಉದ್ದನೆಯ ಸರಪಳಿಯಾಗಿ ಹೆಣೆದುಕೊಂಡು ಕೂತಿದೆ. ಅದೇ ಸೆಲ್ಯುಲೋಸ್. ಅದರ ಸುತ್ತ ಹೆಮಿಸೆಲ್ಯುಲೋಸ್ ಎಂಬ ಇನ್ನೊಂದು ಬಗೆಯ ಸಕ್ಕರೆ ಸರಪಳಿ ಸುತ್ತಿಕೊಂಡಿದೆ. ಇವೆರಡನ್ನೂ ಅಂಟಿಸಿ ಗಟ್ಟಿ ಮಾಡುವುದು ಲಿಗ್ನಿನ್. ಗಿಡ ನೆಟ್ಟಗೆ ನಿಲ್ಲಬೇಕು, ಮಳೆಗೆ ಕೊಳೆಯಬಾರದು, ಹುಳ ತಿನ್ನಬಾರದು, ಅದಕ್ಕೇ ಈ ವ್ಯವಸ್ಥೆ. ಆ ಕೋಟೆಯನ್ನು ಮೊದಲೇ ಸಡಿಲಿಸುವುದೇ ಪೂರ್ವಸಂಸ್ಕರಣೆ. ಆಮೇಲೆ ಸರಪಳಿಯನ್ನು ಕತ್ತರಿಸಿ ಸಕ್ಕರೆ ಮಾಡುವುದು ಎಂಜೈಮ್ ಎಂಬ ಜೈವಿಕ ಪದಾರ್ಥ. ಕೋಟೆ ಒಡೆಯದೆ ಎಂಜೈಮ್ ಹಾಕಿದರೆ ಸಾಮಾನ್ಯವಾಗಿ ಸೆಲ್ಯುಲೋಸಿನ ಐದನೇ ಒಂದು ಪಾಲೂ ಸಕ್ಕರೆಯಾಗುವುದಿಲ್ಲ. ಸರಿಯಾಗಿ ಪೂರ್ವಸಂಸ್ಕರಣೆ ಮಾಡಿದ ಹುಲ್ಲಿನಲ್ಲಿ ಅದು 80 ಶೇಕಡಾ ದಾಟುತ್ತದೆ. ವ್ಯತ್ಯಾಸ ಅಷ್ಟು ದೊಡ್ಡದು.

ಕುಚ್ಚಲಕ್ಕಿ ಮಾಡುವ ಮನೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಭತ್ತವನ್ನು ನೆನೆಸಿ, ಬೇಯಿಸಿ, ಸಿಪ್ಪೆ ಬಾಯಿ ಬಿಟ್ಟ ಮೇಲಲ್ವಾ ಒಣಗಿಸಿ ಮಿಲ್ಲಿಗೆ ಕೊಡುವುದು? ಮೊದಲು ಸಡಿಲಿಸಬೇಕು, ಆಮೇಲೆ ಬಿಡಿಸಬೇಕು.

ನಾವು ದನಕ್ಕೆ ಯೂರಿಯಾ ಹಾಕಿದ ಹುಲ್ಲು ಕೊಡುತ್ತೇವೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇದೆ, ಮತ್ತು ಇದು ನನಗೆ ತುಂಬ ಇಷ್ಟವಾದ ಪ್ರಶ್ನೆ. ಹೈನುಗಾರರು ಹಟ್ಟಿಯಲ್ಲಿ ಮಾಡುವ ಯೂರಿಯಾ ಉಪಚಾರ ನಿಜವಾದ ರಾಸಾಯನಿಕ ಪೂರ್ವಸಂಸ್ಕರಣೆಯೇ.

100 ಕೆಜಿ ಒಣ ಹುಲ್ಲಿಗೆ 4 ಕೆಜಿ ಯೂರಿಯಾವನ್ನು 50ರಿಂದ 60 ಲೀಟರ್ ನೀರಿನಲ್ಲಿ ಕರಗಿಸಿ ಚಿಮುಕಿಸುತ್ತಾರೆ. ಪದರ ಪದರವಾಗಿ ತುಳಿದು, ಗಾಳಿಯಾಡದ ಹಾಗೆ ಟಾರ್ಪಾಲು ಮುಚ್ಚಿ 21 ದಿನ ಬಿಡುತ್ತಾರೆ. ಒಳಗೆ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಈ ಅಮೋನಿಯಾ ಲಿಗ್ನಿನ್ ಮತ್ತು ಹೆಮಿಸೆಲ್ಯುಲೋಸ್ ನಡುವಿನ ಕೊಂಡಿಗಳನ್ನು ಬಿಡಿಸುತ್ತದೆ, ನಾರನ್ನು ಉಬ್ಬಿಸುತ್ತದೆ. ಟಾರ್ಪಾಲು ತೆಗೆದಾಗ ಮೂಗಿಗೆ ಬಡಿಯುವ ಘಾಟು ಅದರದ್ದೇ. ಹುಲ್ಲು ಕಂದುಹಳದಿ ಬಣ್ಣಕ್ಕೆ ತಿರುಗಿರುತ್ತದೆ. ಕೈಯಲ್ಲಿ ಹಿಸುಕಿ ನೋಡಿ. ಮೊದಲು ಚುಚ್ಚುತ್ತಿದ್ದ ಹುಲ್ಲು ಈಗ ಮೆತ್ತಗೆ ಬಾಗುತ್ತದೆ. ಘಾಟು ಹೋಗುವವರೆಗೆ ಹರವಿಟ್ಟು ಆಮೇಲೆ ದನಕ್ಕೆ ಹಾಕುವುದು. ಆರು ತಿಂಗಳಿಗಿಂತ ಸಣ್ಣ ಕರುಗಳಿಗೆ ಕೊಡಬಾರದು.

ದನದ ಹೊಟ್ಟೆಯ ಸೂಕ್ಷ್ಮಾಣುಗಳಿಗೆ ಯಾವುದು ಸುಲಭವಾಯಿತೋ ಅದೇ ಸಕ್ಕರೆ ಮಾಡುವ ಎಂಜೈಮಿಗೂ ಸುಲಭ. ಕಾರ್ಖಾನೆಗೆ 21 ದಿನ ಕಾಯಲು ಆಗುವುದಿಲ್ಲ, ಅಷ್ಟೇ. ಅಲ್ಲಿ ದ್ರವ ಅಮೋನಿಯಾವನ್ನು ಸುಮಾರು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಹೆಚ್ಚಿನ ಒತ್ತಡದಲ್ಲಿ ಹುಲ್ಲಿನೊಳಗೆ ನುಗ್ಗಿಸುತ್ತಾರೆ. ಕೆಲವು ನಿಮಿಷ ಬಿಟ್ಟು ಒತ್ತಡವನ್ನು ಒಮ್ಮೆಲೇ ಇಳಿಸುತ್ತಾರೆ. ಅಮೋನಿಯಾ ಆವಿಯಾಗಿ ಹೊರಗೆ ನುಗ್ಗುವಾಗ ನಾರು ಹರಿದು ಬಿಡಿಬಿಡಿಯಾಗುತ್ತದೆ. ಆ ಅಮೋನಿಯಾವನ್ನು ಹಿಡಿದು ಮತ್ತೆ ಬಳಸುತ್ತಾರೆ.

ಆಸಿಡ್ ಒಳ್ಳೆಯದಾ, ಕಾಸ್ಟಿಕ್ ಸೋಡಾ ಒಳ್ಳೆಯದಾ?

ಎರಡೂ ಬೇರೆ ಬೇರೆ ಕೆಲಸ ಮಾಡುತ್ತವೆ.

ತೆಳು ಸಲ್ಫ್ಯೂರಿಕ್ ಆಸಿಡ್, ಅಂದರೆ ನೀರಿನಲ್ಲಿ ಅರ್ಧದಿಂದ 2 ಶೇಕಡಾ ಮಾತ್ರ. ಅದನ್ನು ಹಾಕಿ 120ರಿಂದ 190 ಡಿಗ್ರಿಗೆ ಬಿಸಿ ಮಾಡಿದರೆ ಹೆಮಿಸೆಲ್ಯುಲೋಸ್ ಕರಗಿ ಕ್ಸೈಲೋಸ್ ಎಂಬ ಸಕ್ಕರೆಯಾಗಿ ನೀರಿಗೆ ಇಳಿಯುತ್ತದೆ. ಲಿಗ್ನಿನ್ ಹೆಚ್ಚಿನ ಪಾಲು ಅಲ್ಲೇ ಉಳಿಯುತ್ತದೆ, ಆದರೆ ಜಾಗ ಬದಲಿಸುತ್ತದೆ. ಅದರಿಂದ ಸೆಲ್ಯುಲೋಸಿಗೆ ದಾರಿ ತೆರೆದುಕೊಳ್ಳುತ್ತದೆ.

ಕಾಸ್ಟಿಕ್ ಸೋಡಾ ಉಲ್ಟಾ. ಅದು ಬಲವಾದ ಕ್ಷಾರ, ಲಿಗ್ನಿನ್ನನ್ನೇ ಕರಗಿಸಿ ಹೊರಗೆ ಹಾಕುತ್ತದೆ. 1ರಿಂದ 4 ಶೇಕಡಾ ದ್ರಾವಣ ಸಾಕು, ಅಷ್ಟು ಬಿಸಿಯೂ ಬೇಡ. ಹುಲ್ಲು, ಸಿಪ್ಪೆಯಂಥ ಮೆದು ವಸ್ತುವಿಗೆ ಚೆನ್ನಾಗಿ ಹೊಂದುತ್ತದೆ. ಗಟ್ಟಿ ಮರಕ್ಕೆ ಅಷ್ಟಾಗಿ ಇಲ್ಲ.

ಬೇರೆ ದಾರಿಗಳೂ ಇವೆ. ಎಥನಾಲ್‌ನಂಥ ದ್ರಾವಕದಲ್ಲಿ ಬೇಯಿಸಿ ಲಿಗ್ನಿನ್ನನ್ನು ಶುದ್ಧವಾಗಿ ತೆಗೆಯುವುದು ಒಂದು. ಹೈಡ್ರೋಜನ್ ಪೆರಾಕ್ಸೈಡಿಗೆ ಕ್ಷಾರ ಸೇರಿಸಿ ಬಳಸುವುದು ಇನ್ನೊಂದು. ಅಯಾನಿಕ್ ದ್ರವಗಳು, ಅಂದರೆ ದ್ರವರೂಪದ ಲವಣಗಳು, ಸೆಲ್ಯುಲೋಸನ್ನೇ ಕರಗಿಸುತ್ತವೆ, ಆದರೆ ದುಬಾರಿ. ಪ್ರಾಜೆಕ್ಟ್ ಮಾಡುವ ಮಕ್ಕಳು ಹೊಸ ಹೆಸರು ಎಂದು ಇವುಗಳ ಹಿಂದೆ ಹೋಗುತ್ತಾರೆ. ಮೊದಲು ಆಸಿಡ್, ಕ್ಷಾರ ಎರಡನ್ನೂ ಸರಿಯಾಗಿ ಮಾಡಿ ನೋಡಿ ಎನ್ನುವುದು ನನ್ನ ಮಾತು.

ಆಸಿಡ್ ಸ್ವಲ್ಪ ಜಾಸ್ತಿ ಹಾಕಿ, ಇನ್ನೂ ಬಿಸಿ ಮಾಡಿದರೆ ಬೇಗ ಮುಗಿಯಲ್ವಾ?

ಬೆಲ್ಲದ ಪಾಕಕ್ಕೆ ಉರಿ ಜಾಸ್ತಿ ಮಾಡಿದರೆ ಏನಾಗುತ್ತದೆ? ಸೀದು ಕಹಿಯಾಗುತ್ತದೆ. ಇಲ್ಲಿಯೂ ಅದೇ. ಬಿಡುಗಡೆಯಾದ ಕ್ಸೈಲೋಸ್ ಅಲ್ಲೇ ಒಡೆದು ಫರ್ಫ್ಯೂರಲ್ ಆಗುತ್ತದೆ. ಗ್ಲೂಕೋಸಿನಿಂದಲೂ ಅಂಥದ್ದೇ ಇನ್ನೊಂದು ಹುಟ್ಟುತ್ತದೆ. ಇವು ಯೀಸ್ಟಿಗೆ ವಿಷ. ಸಕ್ಕರೆಯೂ ಹೋಯಿತು, ಯೀಸ್ಟೂ ಮಲಗಿತು. ಜೊತೆಗೆ ಹೆಮಿಸೆಲ್ಯುಲೋಸಿನಿಂದ ಅಸಿಟಿಕ್ ಆಸಿಡ್ ಬೇರೆ ಹೊರಬರುತ್ತದೆ. ಫ್ಲಾಸ್ಕ್ ತೆಗೆದಾಗ ದ್ರಾವಣ ಕಡು ಕಂದು ಬಣ್ಣವಾಗಿ, ಬಾದಾಮಿಯಂಥ ವಾಸನೆ ಬಂದರೆ ಮಿತಿ ಮೀರಿದೆ ಎಂದೇ ಲೆಕ್ಕ.

ಕಾಸ್ಟಿಕ್ ಸೋಡಾ ಬದಲು ನಮ್ಮ ಸುಣ್ಣ ಸಾಕಾಗಲ್ವಾ?

ಸಾಕಾಗುತ್ತದೆ, ಸಮಯ ಕೊಟ್ಟರೆ. ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವುದು ಹಳೆಯ ಕೆಲಸ. ಎಲೆಗೆ ಹಚ್ಚುವ ಸುಣ್ಣವೂ ಅದೇ. ಅರಳಿಸಿದ ಸುಣ್ಣ ಕಡಿಮೆ ಬೆಲೆಗೆ ಸಿಗುತ್ತದೆ, ಕೈಗೆ ಅಷ್ಟು ಅಪಾಯ ಇಲ್ಲ. ಲ್ಯಾಬಿನಲ್ಲಿ ಒಣ ವಸ್ತುವಿನ ತೂಕದ ಸುಮಾರು 10 ಶೇಕಡಾ ಸುಣ್ಣ ಬಳಸುತ್ತಾರೆ. ನೀರಿನಲ್ಲಿ ಅದು ಕರಗುವುದು ತುಂಬ ಕಡಿಮೆ, ಹಾಗಾಗಿ ಕೆಲಸ ನಿಧಾನ. ಬಿಸಿ ಇದ್ದರೆ ಗಂಟೆಗಳು ಸಾಕು, ಇಲ್ಲದಿದ್ದರೆ ದಿನಗಳು, ವಾರಗಳು ಬೇಕು. ಒಂದು ದೊಡ್ಡ ಅನುಕೂಲ ಇದೆ. ಕೊನೆಗೆ ಇಂಗಾಲದ ಡೈಆಕ್ಸೈಡ್ ಹಾಯಿಸಿದರೆ ಸುಣ್ಣ ಪುಡಿಯಾಗಿ ತಳಕ್ಕೆ ಕೂರುತ್ತದೆ. ಸೋಸಿ, ಸುಟ್ಟು, ಮತ್ತೆ ಬಳಸಬಹುದು.

ನಮ್ಮ ಊರಿಗೆ ಯಾವುದು ಎಂದು ಕೇಳಿದರೆ ನಾನು ಸುಣ್ಣದ ಪಕ್ಷ. ಕಾರಣ ಮುಂದಿನ ಪ್ರಶ್ನೆಯಲ್ಲೂ ಕೊನೆಯ ಪ್ರಶ್ನೆಯಲ್ಲೂ ಇದೆ.

ತೊಳೆದ ನೀರನ್ನು ಏನು ಮಾಡುವುದು?

ಈ ಪ್ರಶ್ನೆ ಕೇಳುವವರು ಕಡಿಮೆ. ಎಲ್ಲರೂ ಇದನ್ನೇ ಮೊದಲು ಕೇಳಬೇಕು ಎಂದು ನನಗೆ ಅನಿಸುತ್ತದೆ.

ಅಡಿಕೆ ಸಿಪ್ಪೆಯನ್ನು ಕಾಸ್ಟಿಕ್ಕಿನಲ್ಲಿ ಬೇಯಿಸಿದ ನೀರು ಗಟ್ಟಿ ಕಷಾಯದ ಹಾಗೆ ಕಪ್ಪಗಿರುತ್ತದೆ. ಅದರಲ್ಲಿ ಕರಗಿದ ಲಿಗ್ನಿನ್, ಉಳಿದ ಕ್ಷಾರ, ಸ್ವಲ್ಪ ಸಕ್ಕರೆ ಎಲ್ಲ ಇರುತ್ತದೆ. ಒಂದು ಕೆಜಿ ಸಿಪ್ಪೆ ತೊಳೆಯಲು ಕೊಡಗಟ್ಟಲೆ ನೀರು ಬೇಕು. ಆ ನೀರು ತೋಡಿಗೆ ಹೋದರೆ ಅಲ್ಲಿಂದ ಹೊಳೆ, ಹೊಳೆಯಿಂದ ಸ್ವರ್ಣೆಗೋ ನೇತ್ರಾವತಿಗೋ. ನೀರಿನ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತದೆ. ಹಿನ್ನೀರಿನಲ್ಲಿ ತೆಂಗಿನ ಸಿಪ್ಪೆ ಕೊಳೆಹಾಕುವ ಜಾಗ ನೋಡಿದವರಿಗೆ ಆ ಕಪ್ಪು ನೀರು, ಆ ವಾಸನೆ ಗೊತ್ತು.

"ಗುಂಡಿ ತೋಡಿ ಹೊಯ್ದರೆ ಆಗಲ್ವಾ?" ಎಂದು ಕೇಳುತ್ತಾರೆ. ನಮ್ಮದು ಮುರಕಲ್ಲಿನ ನೆಲ, ಸಂದುಸಂದಿನಲ್ಲಿ ನೀರು ಇಳಿಯುತ್ತದೆ. ಮನೆಗೊಂದು ಬಾವಿ. ಇವತ್ತು ಗುಂಡಿಗೆ ಹಾಕಿದ್ದು ಮಳೆಗಾಲ ಬಂದ ಮೇಲೆ ಯಾರ ಬಾವಿಗೆ ಹೋಗುತ್ತದೆ ಎಂದು ಹೇಳಲು ಆಗುವುದಿಲ್ಲ.

ಆಸಿಡ್ ದಾರಿಯಲ್ಲೂ ಕಸ ಇದೆ. 1 ಕೆಜಿ ಸಲ್ಫ್ಯೂರಿಕ್ ಆಸಿಡ್ ತಟಸ್ಥ ಮಾಡಲು ಸುಮಾರು ಮುಕ್ಕಾಲು ಕೆಜಿ ಸುಣ್ಣ ಬೇಕು. ಆಗ ಒಂದೂ ಮುಕ್ಕಾಲು ಕೆಜಿ ಜಿಪ್ಸಂ ಬೀಳುತ್ತದೆ. ದಿನಕ್ಕೆ ಟನ್‌ಗಟ್ಟಲೆ ಹುಲ್ಲು ಸಂಸ್ಕರಿಸುವ ಕಡೆ ಆ ರಾಶಿ ಎಷ್ಟಾಗುತ್ತದೆ, ಲೆಕ್ಕ ಹಾಕಿ.

ಕಾಗದ ಕಾರ್ಖಾನೆಗಳು ಇಂಥ ಕಪ್ಪು ನೀರನ್ನು ದಶಕಗಳಿಂದ ನಿಭಾಯಿಸುತ್ತಿವೆ. ಇಂಗಿಸಿ ಗಟ್ಟಿ ಮಾಡಿ, ಬಾಯ್ಲರಿನಲ್ಲಿ ಸುಟ್ಟು, ಶಾಖವನ್ನೂ ರಾಸಾಯನಿಕವನ್ನೂ ವಾಪಸ್ ಪಡೆಯುತ್ತವೆ. ಬೈಹುಲ್ಲಿನ ವಿಷಯದಲ್ಲಿ ಅದೂ ಕಷ್ಟ. ಹುಲ್ಲಿನಲ್ಲಿರುವ ಸಿಲಿಕಾ, ಅಂದರೆ ಮರಳಿನ ಅಂಶ, ಕ್ಷಾರದಲ್ಲಿ ಕರಗಿ ಬಂದು ಪೈಪು, ಬಾಯ್ಲರಿನ ಒಳಗೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಹಾಗಾಗಿ ಯಾರಾದರೂ ಇಲ್ಲಿ ಘಟಕ ಹಾಕುತ್ತೇನೆ ಎಂದು ಬಂದರೆ, ಎಷ್ಟು ಲೀಟರ್ ಎಥನಾಲ್ ಎಂದು ಕೇಳುವ ಮೊದಲು ನೀರು ಎಲ್ಲಿಗೆ ಎಂದು ಕೇಳಿ.

ನಮ್ಮ ಪ್ರಾಜೆಕ್ಟಿನಲ್ಲಿ ಎಲ್ಲ ಸರಿಯಾಗಿ ಮಾಡಿದರೂ ಎಂಜೈಮ್ ಕೆಲಸವೇ ಮಾಡಲಿಲ್ಲ. ಯಾಕೆ?

ಕೆಲವು ವರ್ಷದ ಹಿಂದೆ ನನ್ನ ಜೊತೆ ಕೆಲಸ ಮಾಡಿದ ಮೂವರು ಮಕ್ಕಳಿಗೂ ಹೀಗೇ ಆಯಿತು. ಅಡಿಕೆ ಸಿಪ್ಪೆಯನ್ನು ಕಾಸ್ಟಿಕ್ಕಿನಲ್ಲಿ ಚೆನ್ನಾಗಿಯೇ ಬೇಯಿಸಿದ್ದರು. ನಾರು ಹತ್ತಿಯ ಹಾಗೆ ಮೆತ್ತಗಾಗಿತ್ತು. ಮೂರು ಸಲ ತೊಳೆದರು, ನೀರು ತಿಳಿಯಾಯಿತು, ಎಂಜೈಮ್ ಹಾಕಿದರು. 48 ಗಂಟೆ ಕಳೆದರೂ ಸಕ್ಕರೆ ಇಲ್ಲ. ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ನೋಡಿದರೆ 10ರ ಮೇಲೆ! ನೀರು ಕಣ್ಣಿಗೆ ತಿಳಿಯಾಗಿತ್ತು, ಆದರೆ ನಾರಿನ ಒಳಗೆ ಕ್ಷಾರ ಉಳಿದಿತ್ತು. ನಿಧಾನವಾಗಿ ಹೊರಗೆ ಬಂದು ಎಲ್ಲ ಕೆಡಿಸಿತು. ನೋಡಿ ಹೇಳಬೇಕಾದವನು ನಾನು, ನಾನೂ ನೋಡಿರಲಿಲ್ಲ. ಮಕ್ಕಳ ಎರಡು ವಾರದ ಶ್ರಮ ಹೋದದ್ದಕ್ಕೆ ಇವತ್ತಿಗೂ ಬೇಜಾರಿದೆ.

ಆ ದಿನ ಸಂಜೆ ಮನೆಗೆ ಬಂದಾಗ ತೋಟದಲ್ಲಿ ಅಡಿಕೆಗೆ ಮದ್ದು ಬಿಡುವ ಕೆಲಸ ನಡೆದಿತ್ತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಗೊತ್ತಲ್ಲ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಮದ್ದು ಕಲಸುವವರು ಹೊಳೆಯುವ ಕತ್ತಿಯ ತುದಿಯನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ, ಎತ್ತಿ, ಬೆಳಕಿಗೆ ಹಿಡಿದು ನೋಡಿದರು. ಕೆಂಪು ಕಲೆ ಹಿಡಿದಿತ್ತು. ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು. ಇನ್ನಷ್ಟು ಸುಣ್ಣದ ನೀರು ಹೊಯ್ದು ಮತ್ತೆ ಕತ್ತಿ ಅದ್ದಿದರು. ಬಣ್ಣ ಬರಲಿಲ್ಲ. ಆಮೇಲೆಯೇ ಡ್ರಮ್ಮಿನಿಂದ ಪೈಪಿಗೆ ಬಿಟ್ಟದ್ದು. ಪ್ರತಿ ಡ್ರಮ್ಮಿಗೂ ಅವರು ಪರೀಕ್ಷೆ ಮಾಡುತ್ತಾರೆ. ನಾವು ಮೂರು ಸಲ ತೊಳೆದು ಬಿಟ್ಟಿದ್ದೆವು.

ಹಾಗಾಗಿ, ಎಷ್ಟು ಸಲ ತೊಳೆದಿರಿ ಎಂದು ಲೆಕ್ಕ ಇಡಬೇಡಿ, ಪಿಎಚ್ ನೋಡಿ. ತೊಳೆದ ಮೇಲೆ ಅರ್ಧ ಗಂಟೆ ನೀರಿನಲ್ಲಿ ಬಿಟ್ಟು ಮತ್ತೆ ನೋಡಿ. ಸೆಲ್ಯುಲೋಸ್ ಒಡೆಯುವ ಸೆಲ್ಯುಲೇಸ್ ಎಂಜೈಮಿಗೆ ಪಿಎಚ್ 5ರ ಆಸುಪಾಸು, ಬಿಸಿ 50 ಡಿಗ್ರಿ ಬೇಕು. ಇನ್ನೊಂದು ತಪ್ಪು ಬಹಳ ಜನ ಮಾಡುತ್ತಾರೆ. ಸಂಸ್ಕರಿಸಿದ ನಾರನ್ನು ಓವನ್ನಿನಲ್ಲಿ ಗರಿಗರಿ ಒಣಗಿಸುತ್ತಾರೆ. ಕಷ್ಟಪಟ್ಟು ತೆರೆದ ರಂಧ್ರಗಳು ಒಣಗುವಾಗ ಮುಚ್ಚಿಕೊಳ್ಳುತ್ತವೆ. ಒದ್ದೆಯಾಗಿಯೇ ಫ್ರಿಜ್ಜಿನಲ್ಲಿಡಿ. ಲೆಕ್ಕಕ್ಕೆ ಬೇಕಾದಷ್ಟನ್ನು ಮಾತ್ರ ಬೇರೆ ತೆಗೆದು ಒಣಗಿಸಿ ತೂಗಿ.

ಬೈಹುಲ್ಲು, ಅಡಿಕೆ ಸಿಪ್ಪೆ, ತೆಂಗಿನ ಸಿಪ್ಪೆ: ಇವುಗಳಲ್ಲಿ ಯಾವುದು ಒಳ್ಳೆಯದು?

ಎಥನಾಲಿಗೆ ಬೈಹುಲ್ಲು. ಮೂರನೇ ಒಂದು ಪಾಲಿಗಿಂತ ಜಾಸ್ತಿ ಸೆಲ್ಯುಲೋಸ್, ಲಿಗ್ನಿನ್ ಕಡಿಮೆ. ತೊಂದರೆ ಎಂದರೆ ಆಗ ಹೇಳಿದ ಸಿಲಿಕಾ, ಮತ್ತು ನಮ್ಮ ಮಳೆ. ಏಣೆಲು (ಮಳೆಗಾಲದ ಭತ್ತದ ಬೆಳೆ) ಕೊಯ್ಲಿನ ಹೊತ್ತಿಗೆ ಒಂದು ಮಳೆ ಹೊಡೆದರೆ ಕುತ್ತರಿ (ಹುಲ್ಲಿನ ಬಣವೆ) ಹಾಕುವ ಮೊದಲೇ ಹುಲ್ಲು ಬೂಸಲು ಹಿಡಿಯುತ್ತದೆ. ಅಷ್ಟಕ್ಕೂ ಇಲ್ಲಿನ ಹುಲ್ಲು ದನಕ್ಕೇ ಸಾಲುವುದಿಲ್ಲ. ದನದ ಬಾಯಿಂದ ಕಿತ್ತು ಇಂಧನ ಮಾಡುವುದು ನನಗೆ ಒಪ್ಪಿಗೆ ಇಲ್ಲ.

ಅಡಿಕೆ ಸಿಪ್ಪೆ ನಮ್ಮಲ್ಲಿ ರಾಶಿ ಬಿದ್ದಿರುತ್ತದೆ. ಸುಲಿದ ಮೇಲೆ ಹೆಚ್ಚಿನದು ಹಂಡೆಯ ಒಲೆಗೇ ಹೋಗುತ್ತದೆ. ಅದರ ನಾರಿನಲ್ಲಿ ಹೆಮಿಸೆಲ್ಯುಲೋಸ್ ಜಾಸ್ತಿ, ಮೂರನೇ ಒಂದು ಪಾಲಿಗಿಂತ ಮೇಲೆ. ಅದರಿಂದ ಬರುವ ಕ್ಸೈಲೋಸನ್ನು ಬ್ರೆಡ್ಡಿಗೆ ಹಾಕುವಂಥ ಸಾಮಾನ್ಯ ಯೀಸ್ಟ್ ಮುಟ್ಟುವುದಿಲ್ಲ, ಅದಕ್ಕೆ ಬೇರೆ ತಳಿ ಬೇಕು. ಕ್ಸೈಲೋಸಿನಿಂದ ಕ್ಸೈಲಿಟಾಲ್ ಎಂಬ ಸಿಹಿ ಪದಾರ್ಥ ಮಾಡಬಹುದು, ಫರ್ಫ್ಯೂರಲ್ ಮಾಡಬಹುದು. ಅಡಿಕೆ ಸಿಪ್ಪೆಗೆ ಆ ದಾರಿಯೇ ಹತ್ತಿರ ಎಂದು ನನ್ನ ಅಭಿಪ್ರಾಯ.

ತೆಂಗಿನ ನಾರಿನಲ್ಲಿ ಲಿಗ್ನಿನ್ನೇ 40 ಶೇಕಡಾ ಆಸುಪಾಸು. ಉಪ್ಪುನೀರಿನಲ್ಲಿ ಹಗ್ಗ ಬೇಗ ಕೊಳೆಯದೆ ಇರುವುದು ಅದಕ್ಕೇ. ಬಿಟ್ಟುಬಿಡಿ, ಹಗ್ಗವೇ ಸರಿ.

ಗೇರುಹಣ್ಣಿಗೂ ಪೂರ್ವಸಂಸ್ಕರಣೆ ಬೇಕಾ?

ರಸಕ್ಕೆ ಬೇಡ, ಅದು ನೇರವಾಗಿ ಹುದುಗುತ್ತದೆ. ಹಿಂಡಿ ಉಳಿದ ಚರಟಕ್ಕೆ ಬೇಕು.

100 ಕೆಜಿ ಬೈಹುಲ್ಲಿನಿಂದ ಎಷ್ಟು ಎಥನಾಲ್ ಸಿಗುತ್ತದೆ?

ಕೂತು ಲೆಕ್ಕ ಹಾಕೋಣ. ಒಣ ಹುಲ್ಲಿನಲ್ಲಿ ಸೆಲ್ಯುಲೋಸ್ 35 ಕೆಜಿ ಎಂದು ಇಟ್ಟುಕೊಳ್ಳಿ. ಒಡೆಯುವಾಗ ನೀರು ಸೇರುವುದರಿಂದ ಅದು ಸುಮಾರು 39 ಕೆಜಿ ಗ್ಲೂಕೋಸ್ ಆಗುತ್ತದೆ. ಗ್ಲೂಕೋಸಿನ ತೂಕದ 51 ಶೇಕಡಾ ಎಥನಾಲ್, ಉಳಿದದ್ದು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ. ಅಂದರೆ ಹತ್ತಿರ ಹತ್ತಿರ 20 ಕೆಜಿ, ಲೀಟರಿನಲ್ಲಿ 25. ಇದು ಕಾಗದದ ಮೇಲಿನ ಗರಿಷ್ಠ. ಎಂಜೈಮ್ 80 ಶೇಕಡಾ, ಯೀಸ್ಟ್ 90 ಶೇಕಡಾ ಕೆಲಸ ಮಾಡಿತು ಎಂದರೆ 18 ಲೀಟರ್. ಕ್ಸೈಲೋಸನ್ನೂ ಹುದುಗಿಸಿದರೆ ಸ್ವಲ್ಪ ಏರುತ್ತದೆ.

ದೊಡ್ಡ ಮಟ್ಟದ ಲೆಕ್ಕವೂ ಇದರ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್‌ನ ಬೈಹುಲ್ಲಿನ ಎಥನಾಲ್ ಘಟಕ 2022ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಖರ್ಚು 900 ಕೋಟಿ ರೂಪಾಯಿಗೂ ಮೇಲೆ. ವರ್ಷಕ್ಕೆ 2 ಲಕ್ಷ ಟನ್ ಹುಲ್ಲಿನಿಂದ 3 ಕೋಟಿ ಲೀಟರ್ ಮಾಡುವ ಲೆಕ್ಕಾಚಾರ ಅದರದ್ದು. ಭಾಗಿಸಿ ನೋಡಿ, 100 ಕೆಜಿಗೆ 15 ಲೀಟರ್.

ನಮ್ಮ ಕಡೆ ಅಂಥ ಕಾರ್ಖಾನೆ ಬರುತ್ತದಾ?

ಸುರತ್ಕಲ್ ಹತ್ತಿರದ ತೈಲ ಸಂಸ್ಕರಣಾ ಕಂಪನಿ ಎಂಆರ್‌ಪಿಎಲ್ ಕೂಡ ಇಂಥ ಘಟಕದ ಯೋಜನೆ ಹಾಕಿತ್ತು, ಆದರೆ ಮಂಗಳೂರಿನಲ್ಲಲ್ಲ. ದಾವಣಗೆರೆ ಜಿಲ್ಲೆಯ ಹರಿಹರದಲ್ಲಿ, ದಿನಕ್ಕೆ 60 ಸಾವಿರ ಲೀಟರಿನದ್ದು. ಭದ್ರಾ ನೀರಿನ ಗದ್ದೆಗಳಿರುವ ಆ ಕಡೆ ಹುಲ್ಲು ಸಿಗುತ್ತದೆ. ಹಗುರ ವಸ್ತುವನ್ನು ಲಾರಿಯಲ್ಲಿ ಘಾಟಿ ಇಳಿಸಿ ತರುವುದು ಯಾರಿಗೂ ಗಿಟ್ಟುವುದಿಲ್ಲ. ಕಚ್ಚಾವಸ್ತು ಎಲ್ಲಿ ಇದೆಯೋ ಕಾರ್ಖಾನೆ ಅಲ್ಲಿರಬೇಕು. ಅಸ್ಸಾಮಿನ ನುಮಾಲಿಗಢದಲ್ಲಿ ಬಿದಿರು ಸಿಗುತ್ತದೆ, ಅಲ್ಲಿ ಬಿದಿರಿನ ಘಟಕ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಎಥನಾಲ್ ಜೊತೆ ಫರ್ಫ್ಯೂರಲ್, ಅಸಿಟಿಕ್ ಆಸಿಡ್ ಕೂಡ ಮಾರಾಟದ ಸರಕು. ನಮ್ಮ ಫ್ಲಾಸ್ಕಿನಲ್ಲಿ ಯೀಸ್ಟನ್ನು ಕೊಂದದ್ದೇ ಅಲ್ಲಿ ಆದಾಯ!

ಎಂಜೈಮ್ ಬದಲು ತೋಟಕ್ಕೆ ಹಾಕುವ ಟ್ರೈಕೋಡರ್ಮಾ ಹಾಕಬಹುದಾ?

ಒಳ್ಳೆಯ ಯೋಚನೆ. ಕಾಳುಮೆಣಸಿನ ಬುಡಕ್ಕೆ ಬೇವಿನ ಹಿಂಡಿ ಜೊತೆ ಹಾಕುವ ಟ್ರೈಕೋಡರ್ಮಾ ಮತ್ತು ಕಾರ್ಖಾನೆಯಲ್ಲಿ ಸೆಲ್ಯುಲೇಸ್ ಮಾಡುವ ಟ್ರೈಕೋಡರ್ಮಾ ರೀಸಿ ಒಂದೇ ಕುಲದ ಶಿಲೀಂಧ್ರಗಳು. ಎರಡನೇ ಮಹಾಯುದ್ಧದ ಹೊತ್ತಿಗೆ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೇನೆಯ ಹತ್ತಿಬಟ್ಟೆಯ ಡೇರೆಗಳು ಕೊಳೆತು ಹೋಗುತ್ತಿದ್ದವು. ಯಾಕೆ ಎಂದು ಹುಡುಕಿದಾಗ ಸಿಕ್ಕಿದ್ದು ಈ ರೀಸಿ. ಹತ್ತಿ ಎಂದರೆ ಬಹುಪಾಲು ಸೆಲ್ಯುಲೋಸ್ ತಾನೇ! ಆದರೆ ಶಿಲೀಂಧ್ರವನ್ನೇ ಹಾಕಿದರೆ ಹುಟ್ಟಿದ ಸಕ್ಕರೆಯನ್ನು ಅದೇ ತಿನ್ನುತ್ತದೆ. ಅದಕ್ಕೇ ಅದು ಮಾಡಿದ ಎಂಜೈಮನ್ನು ಬೇರ್ಪಡಿಸಿ ಬಳಸುವುದು.

ಮನೆಯಲ್ಲಿ ಸಣ್ಣದಾಗಿ ಎಥನಾಲ್ ಮಾಡಿ ನೋಡಬಹುದಾ?

ಬೇಡ. ಲೈಸೆನ್ಸ್ ಇಲ್ಲದೆ ಭಟ್ಟಿ ಇಳಿಸುವುದು ಅಬಕಾರಿ ಕಾನೂನಿನಲ್ಲಿ ಅಪರಾಧ. ಬಿಸಿ ಆಸಿಡ್ ಒತ್ತಡದಲ್ಲಿರುವಾಗ ಕುಕ್ಕರ್ ಒಡೆದರೆ ಮುಖ, ಕಣ್ಣು ಹೋಗುತ್ತದೆ. ಲ್ಯಾಬಿನಲ್ಲಿ ಮಾಡುವವರಿಗೂ ಒಂದು ಮಾತು. ನೀರಿಗೆ ಆಸಿಡ್ ಹನಿಹನಿಯಾಗಿ ಹಾಕಿ, ಆಸಿಡಿಗೆ ನೀರು ಯಾವತ್ತೂ ಹೊಯ್ಯಬೇಡಿ. ಕಾಸ್ಟಿಕ್ ಕಣ್ಣಿಗೆ ಹಾರಿದರೆ ಆಸಿಡಿಗಿಂತ ಆಳಕ್ಕೆ ಇಳಿಯುತ್ತದೆ. ಕನ್ನಡಕ ಹಾಕದೆ ಮುಚ್ಚಳ ತೆಗೆಯಲೇಬೇಡಿ.

ಹಾಗಾದರೆ ರೈತ ಮನೆಯಲ್ಲಿ ಏನೂ ಮಾಡಲು ಆಗುವುದಿಲ್ವಾ?

ಆಗುತ್ತದೆ, ಗೋಬರ್ ಗ್ಯಾಸಿನಲ್ಲಿ. ದನ ತಿನ್ನದೆ ಬಿಟ್ಟ ಹುಲ್ಲು, ಬೂಸಲು ಹಿಡಿದ ಹುಲ್ಲನ್ನು ಹಾಗೇ ಟ್ಯಾಂಕಿಗೆ ಹಾಕಿದರೆ ಅದು ತೇಲಿ ಮೇಲೆ ಚಾಪೆಯ ಹಾಗೆ ಕಟ್ಟುತ್ತದೆ, ಗ್ಯಾಸ್ ಬರುವುದಿಲ್ಲ. ಎರಡು ಇಂಚಿನ ತುಂಡು ಮಾಡಿ, ಸುಣ್ಣ ಕಲಸಿದ ನೀರಿನಲ್ಲಿ ಕೆಲವು ದಿನ ನೆನೆಸಿಡಿ. ಮೆತ್ತಗಾಗಿ ನೀರು ಕುಡಿದು ಭಾರವಾಗುತ್ತದೆ. ಆಮೇಲೆ ಸಗಣಿ ನೀರಿನ ಜೊತೆ ಚೆನ್ನಾಗಿ ಕಲಸಿ ಹಾಕಿ. ಲಿಟ್ಮಸ್ ಕಾಗದದ ಬದಲು ಪಿಎಚ್ ಕಾಗದ ತನ್ನಿ, ಬೆಲೆ ಕಡಿಮೆಯೇ. ಕಲಸಿದ್ದು 7ರಿಂದ 8ರ ಒಳಗೆ ಇದ್ದರೆ ಮಾತ್ರ ಟ್ಯಾಂಕಿಗೆ ಬಿಡಿ, ಜಾಸ್ತಿ ಇದ್ದರೆ ಇನ್ನಷ್ಟು ಸಗಣಿ ಸೇರಿಸಿ. ಯೂರಿಯಾ ಹಾಕಿದ ಹುಲ್ಲು ಇಲ್ಲಿಗೆ ಬೇಡ. ಅಮೋನಿಯಾ ಹೆಚ್ಚಾದರೆ ಗ್ಯಾಸ್ ಮಾಡುವ ಸೂಕ್ಷ್ಮಾಣು ಕುಗ್ಗುತ್ತದೆ.

ಕಾಸ್ಟಿಕ್ ಬಳಸಿದರೆ ಅದರ ಸೋಡಿಯಂ ಸ್ಲರಿಯ ಜೊತೆ ಮಣ್ಣಿಗೆ ಹೋಗಿ ಮಣ್ಣು ಕೆಡುತ್ತದೆ. ಸುಣ್ಣದಲ್ಲಿ ಆ ಭಯ ಇಲ್ಲ. ನಮ್ಮ ಕರಾವಳಿಯ ಮಣ್ಣು ಹೇಗೂ ಹುಳಿ, ಅಡಿಕೆ ಬುಡಕ್ಕೆ ಸುಣ್ಣ ಕೊಡುತ್ತಲೇ ಇರುತ್ತೇವೆ. ಹುಲ್ಲಿಗೆ ಹಾಕಿದ ಸುಣ್ಣ ಸ್ಲರಿಯಾಗಿ ತೋಟಕ್ಕೇ ಸೇರುತ್ತದೆ. ನಮ್ಮ ಮನೆಯಲ್ಲಿ ದಿನಕ್ಕೆ ಒಂದು ಬಕೆಟ್ ಇಂಥ ಹುಲ್ಲಿನಿಂದ ಶುರು ಮಾಡಿದೆವು. ನೀವೂ ಅಷ್ಟರಿಂದಲೇ ಶುರು ಮಾಡಿ, ಎರಡು ವಾರ ಒಲೆಯ ಉರಿ ನೋಡಿ, ಆಮೇಲೆ ಎರಡನೇ ಬಕೆಟ್ ಹಾಕಿ.